ಹೃದಯಭಾಗದಿಂದ ಕೇವಲ 15 ನಿಮಿಷ

ಮೈಸೂರಿನಲ್ಲಿ ಸೈಟು ಮಾರುವವರ ಕರಪತ್ರ ಓದಿದ್ದೀರಾ? ಯಾವುದನ್ನು ತೆಗೆದರೂ ಒಂದು ಸಾಲು ಇದ್ದೇ ಇರುತ್ತದೆ: ‘ನಗರದ ಹೃದಯಭಾಗದಿಂದ ಕೇವಲ 15 ನಿಮಿಷ’. ಆ ಹದಿನೈದು ನಿಮಿಷ ಯಾವ ಗಡಿಯಾರದ್ದು ಅಂತ ಮಾತ್ರ ಕೇಳಬಾರದು. ನಾವೂ ಕೇಳಲಿಲ್ಲ, ರಿಂಗ್ ರೋಡ್ ಆಚೆ ಮನೆ ಕಟ್ಟಿಬಿಟ್ಟೆವು. ಈಗ ಕರಿಬೇವು ತರೋದಕ್ಕೂ ಹೆಲ್ಮೆಟ್ ಹಾಕಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಬೀದಿದೀಪ ಇದೆ, ಆದರೆ ಅದು ಹಗಲು ಪಾಳಿ.

ಆದರೆ ಬಡಾವಣೆಯ ಬಾಗಿಲಿಗೆ ಕಮಾನು ಇದೆ! ರಾಗಿ ಹೊಲದ ಪಕ್ಕದಲ್ಲಿ ಎರಡಂತಸ್ತು ಎತ್ತರ, ಮೇಲೆ ಮೂರು ಗುಮ್ಮಟ, ಎರಡೂ ಕಡೆ ಸಿಮೆಂಟ್ ಆನೆ. ಎಡಗಡೆ ಆನೆಯ ಸೊಂಡಿಲು ಉದುರಿ ಒಳಗಿನ ಕಬ್ಬಿಣದ ಕಂಬಿ ಹೊರಗೆ ಬಂದಿದೆ, ಹಾಲಿನವನು ಬೆಳಗ್ಗೆ ಚೀಲವನ್ನು ಅದಕ್ಕೇ ನೇತುಹಾಕಿ ಹೋಗುತ್ತಾನೆ. ಹಳೇ ಅರಮನೆ ಸುಟ್ಟ ಮೇಲೆ ಈಗಿನದನ್ನು ಕಟ್ಟಿ ಮುಗಿಸೋದಕ್ಕೆ 1912ರವರೆಗೆ ಬೇಕಾಯಿತು. ನಮ್ಮ ಕಮಾನು ಮೂರೇ ವಾರದಲ್ಲಿ ಎದ್ದು ನಿಂತಿತು.

ಇನ್ನು ಆ ಹೃದಯಭಾಗ. ಚಿಕ್ಕ ಗಡಿಯಾರ ಅನ್ನೋ ಗೋಪುರದ ಹತ್ತಿರ ನಿಜವಾದ ಕಮಾನುಗಳ ಸಾಲೇ ಇದೆ, 1892ರ ಲ್ಯಾನ್ಸ್‌ಡೌನ್ ಕಟ್ಟಡ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಿದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು, ಅದೂ ದುರಸ್ತಿ ಕೆಲಸ ನಡೆಯುತ್ತಿರುವಾಗಲೇ! ಕೆಡವಿ ಅದೇ ಥರ ಕಟ್ಟಿ ಅಂತ ಒಬ್ಬ ತಜ್ಞರು, ಬೇಡ ರಿಪೇರಿ ಸಾಕು ಅಂತ ಇನ್ನೊಬ್ಬ ತಜ್ಞರು, ಮಧ್ಯದಲ್ಲಿ ಕೋರ್ಟು. ಆಲದ ಸಸಿಗಳಿಗೆ ಮಾತ್ರ ಯಾವ ವರದಿಯೂ ಬೇಕಾಗಿಲ್ಲ, ಗಾರೆಯ ಬಿರುಕಿನಲ್ಲಿ ಬೇರು ಬಿಟ್ಟು ಕೂತಿವೆ. ನಗರ ಬೆಳೆಸೋದಕ್ಕೆ ಅಂತ 1903ರಲ್ಲೇ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಸ್ವಾಮಿ ಇದು. ಆಗಿನವರು ಬರೀ ಕೆಲಸ ಮಾಡಿದರು ಅಂತ ಕಾಣುತ್ತದೆ, ಪಾಪ, ಸಮಿತಿ ಮಾಡೋದು ಗೊತ್ತಿರಲಿಲ್ಲ.

ಪ್ರವಾಸಿಗರನ್ನು ಸೆಳೆಯಬೇಕು ಅಂತ ವರ್ಷಕ್ಕೊಮ್ಮೆ ಸಭೆ ಇದ್ದೇ ಇದೆ. ಆದರೆ ಪ್ರವಾಸಿ ಬರೋದು ಹೇಗೆ? ಬೆಳಗ್ಗೆ ಬೆಟ್ಟ, ಆಮೇಲೆ ಅರಮನೆ, ಮೃಗಾಲಯ, ಸಂಜೆ ಬೃಂದಾವನ, ರಾತ್ರಿ ಬಸ್ಸಿನಲ್ಲೇ ನಿದ್ದೆ, ಬೆಳಗಾದರೆ ಊಟಿ. ಭಾನುವಾರ ಬಂದರೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹತ್ತೋದನ್ನು ನೋಡಿ ಬಾಯಿ ಬಿಡುತ್ತಾನೆ. ಬಾಯಿ ಮುಚ್ಚುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದು, ಮಾರುಕಟ್ಟೆಯೊಳಗೆ ಕುಂಕುಮದ ಬಣ್ಣದ ಗೋಪುರ ನೋಡಿ, ಮಲ್ಲಿಗೆ ಮೂಸಿ, ರಸಬಾಳೆ ತಿನ್ನೋದಕ್ಕೆ ಪುರುಸೊತ್ತು ಎಲ್ಲಿದೆ? ಇದ್ದರೂ ಫುಟ್‌ಪಾತ್ ಎಲ್ಲಿದೆ, ಅಲ್ಲಿ ಬೈಕ್ ನಿಂತಿದೆ. ಅದರಲ್ಲೊಂದು ನನ್ನದು. ಏನು ಮಾಡಲಿ, ಹದಿನೈದು ನಿಮಿಷದ ದೂರದಿಂದ ಬಂದವನು ನಾನು.

ಕಳೆದ ತಿಂಗಳು ಧಾರವಾಡದಿಂದ ಭಾವಮೈದುನ ಬಂದಿದ್ದ. ಊರೆಲ್ಲಾ ತೋರಿಸಿದೆ. ಲ್ಯಾನ್ಸ್‌ಡೌನ್ ಮುಂದೆ ನಿಂತು, "ಇದೇನೋ, ಕೆಡವಾಕತ್ತಾರೇನು, ಕಟ್ಟಾಕತ್ತಾರೇನು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಆಟೋದವನೇ, "ಹೆರಿಟೇಜ್ ಸಾರ್" ಅಂದುಬಿಟ್ಟ.

ಸಂಜೆ ಮನೆಗೆ ಬಂದವನು ನಮ್ಮ ಕಮಾನಿನ ಕೆಳಗೆ, ಬಲಗಡೆ ಆನೆಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ. ಅದನ್ನು ‘ರಾಜರ ಕಾಲದ ಮೈಸೂರು’ ಅಂತ ಸ್ಟೇಟಸ್ ಹಾಕಿದ. ರಾತ್ರಿ ಅವನ ಆಫೀಸಿನವರೊಬ್ಬರು ಫೋನ್ ಮಾಡಿ, ಅದನ್ನು ನೋಡೋದಕ್ಕೆ ಟಿಕೆಟ್ ಎಷ್ಟು ಅಂತ ಕೇಳುತ್ತಿದ್ದರು.