ಹಂಪಿಯ ಪಕ್ಕದವರು ಅಹಮದಾಬಾದ್ ನೋಡಿದ್ದು

ಹೊಸಪೇಟೆಯಿಂದ ಬಂದ ಭಾವ ಚಹಾ ಮುಗಿಸುವ ಮೊದಲೇ ಜೇಬಿನಿಂದ ಚೀಟಿ ತೆಗೆದರು. ಸಾಬರಮತಿ ಆಶ್ರಮ, ಅಡಾಲಜ್‌ನ ಮೆಟ್ಟಿಲುಬಾವಿ, ಗಾಂಧಿನಗರದ ಅಕ್ಷರಧಾಮ, ಸರದಾರ ಪಟೇಲರ ಪ್ರತಿಮೆ. ಎರಡು ದಿನ, ಒಂದು ಬಾಡಿಗೆ ಕಾರು. ಪ್ರತಿಮೆ ಇರುವುದು ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ ಎಂದೆ. "ಹಾಗಾದರೆ ಊರೊಳಗೆ ನೋಡುವಂಥದ್ದು ಏನೂ ಇಲ್ಲವೇನೋ?" ಎಂದರು.

ಎಷ್ಟೋ ವರ್ಷಗಳಿಂದ ಅಹಮದಾಬಾದಿನಲ್ಲಿದ್ದೇನೆ. ಊರಿನಿಂದ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ತಪ್ಪು ಅವರದಲ್ಲ. ಹಂಪಿಯ ಪಕ್ಕ ಬೆಳೆದ ನಮಗೆ ಹಳೆಯ ಊರೆಂದರೆ ಜನರಿಲ್ಲದ ಊರು. ಕಲ್ಲಿನ ರಥದ ಮುಂದೆ ಐವತ್ತರ ನೋಟು ಹಿಡಿದು ಚಿತ್ರ ತೆಗೆಸಿಕೊಂಡು, ಕಮಲ ಮಹಲಿಗೆ ಒಂದು ಸುತ್ತು ಬಂದು, ಬಿಸಿಲೇರುವ ಮುನ್ನ ಗಾಡಿ ಹತ್ತಬೇಕು. ಹಳೆಯ ಊರಿನಲ್ಲಿ ಯಾರೋ ಹಲ್ಲುಜ್ಜುತ್ತ ನಿಂತಿದ್ದರೆ ನಮ್ಮ ಲೆಕ್ಕಕ್ಕೆ ಅದು ಸ್ಮಾರಕವೇ ಅಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೊದಲೇ ಅವರನ್ನು ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದ ಬಾಗಿಲಲ್ಲಿ ನಿಲ್ಲಿಸಿದೆ. ಅಲ್ಲಿಂದ ಜಾಮಾ ಮಸೀದಿಯವರೆಗೆ ಪೋಳಗಳ ನಡುವೆ ಬಂದವರನ್ನು ನಡೆಸಿಕೊಂಡು ಹೋಗುವ ಏರ್ಪಾಡು ಮಹಾನಗರಪಾಲಿಕೆಯದು, 1997ರಿಂದ ನಡೆದುಬಂದಿದೆ. ಪೋಳ ಎಂದರೆ ರಾತ್ರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಓಣಿ. ಒಳಗೆ ಗೋಡೆಗೆ ಗೋಡೆ ಅಂಟಿದ ಕೆತ್ತನೆಯ ಮನೆಗಳು, ಗುಡಿ, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಚಬೂತರೋ. ಮನೆ ಮುಂದಿನ ಕಟ್ಟೆಗೆ ಇವರು ಓಟಲೋ ಎನ್ನುತ್ತಾರೆ. ಕವಿ ದಲಪತರಾಮರ ಮನೆಯಿದ್ದ ಲಾಂಬೇಶ್ವರನ ಪೋಳದಲ್ಲಿ ಕವಿಯ ಕಂಚಿನ ಪ್ರತಿಮೆಯನ್ನೂ ಕಟ್ಟೆಯ ಮೇಲೇ ಕೂರಿಸಿದ್ದಾರೆ. ಭಾವ ಪಕ್ಕದಲ್ಲಿ ಕೂತು ಚಪ್ಪಲಿಯ ಕಲ್ಲು ಕೊಡವಿಕೊಂಡರು.

ಮುಂದಿನ ಪೋಳದಲ್ಲಿ ಪರಿಚಯದ ಅಜ್ಜಿಯ ಮನೆ. "ಬಾ" ಎಂದು ಕೂಗಿದೆ. "ಯಾರನ್ನು ಬಾ ಎನ್ನುತ್ತಿದ್ದೀಯ? ನಾವೇ ಅಲ್ಲವೇ ಹೋಗಬೇಕಾದದ್ದು?" ಎಂದರು ಭಾವ. ಗುಜರಾತಿಯಲ್ಲಿ ಬಾ ಎಂದರೆ ತಾಯಿ, ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ ಎಂದು ವಿವರಿಸುವಷ್ಟರಲ್ಲಿ ಅವರೇ ಬಂದರು. ಮನೆಯ ನಡುವಿನ ತೆರೆದ ಅಂಗಳದಲ್ಲಿ, ನಮ್ಮ ತೊಟ್ಟಿಮನೆಗಳ ಹಾಗೆ, ಆಕಾಶ ಕಾಣುತ್ತದೆ. ಮೂಲೆಯಲ್ಲಿ ತಟ್ಟೆಯಗಲದ ಹಿತ್ತಾಳೆ ಮುಚ್ಚಳ. ಅದನ್ನು ಸರಿಸಿ, ಕೈಗನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು. ಕೆಳಗೆ ಕತ್ತಲಲ್ಲಿ ನೀರು ಹೊಳೆಯಿತು. ಅಂಗಳದಡಿ ಕಟ್ಟಿದ ಟಾಂಕಾ ಅದು. ಮಾಳಿಗೆಯ ಮೇಲೆ ಬಿದ್ದ ಮಳೆ ಕೊಳವೆಯಿಳಿದು ಇಲ್ಲಿ ಸೇರುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು ಮಾಳಿಗೆ ತೊಳೆಯುತ್ತಾರೆ. ಮಘಾ ನಕ್ಷತ್ರದ ಮಳೆಯ ನೀರೆಂದರೆ ಗಂಗಾಜಲಕ್ಕೆ ಸಮ. ಇದನ್ನು ಕೇಳಿದ್ದೇ ತಡ, "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು" ಎಂದು ಭಾವ ಶುರು ಮಾಡಿದರು. ಅದನ್ನು ಗುಜರಾತಿಗೆ ತಿರುಗಿಸಲು ನಾನು ಪಟ್ಟ ಪಾಡು ಬೇಡ. ಬಾ ಮಾತ್ರ ಅರ್ಥವಾದವರಂತೆ ಇನ್ನೊಂದು ಲೋಟ ನೀರು ಕೊಟ್ಟರು.

ಮಾಣೆಕ್ ಚೌಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲು ಬೆಳ್ಳಿಬಂಗಾರದ ವ್ಯಾಪಾರ, ರಾತ್ರಿ ತಿಂಡಿ ಬೀದಿ. ಅಲ್ಲಿ ದೋಸೆಯ ಮೇಲೆ ಸುರಿಯುವ ಚೀಸನ್ನು ಕನ್ನಡಿಗರಾರೂ ಕ್ಷಮಿಸಲಾರರು. ಅದರ ಪಕ್ಕದಲ್ಲೇ ಇದೆ ರಾಣಿ ನೋ ಹಜೀರೋ. ಈ ಊರನ್ನು 1411ರಲ್ಲಿ ಕಟ್ಟಿಸಿದ ಅಹಮದ್ ಷಾನ ಮನೆತನದ ರಾಣಿಯರ ಗೋರಿಗಳು, ಸುತ್ತ ಗೋಡೆಗೆ ಆತುಕೊಂಡು ಚಣಿಯಾ ಚೋಳಿಯ, ಅಂದರೆ ಲಂಗ ರವಿಕೆಯ, ಅಂಗಡಿಗಳು. ಅಕ್ಕ ಚೌಕಾಸಿಯಲ್ಲಿ ಮುಳುಗಿದ್ದಾಗ ಭಾವ ಮೆಲ್ಲಗೆ ಕೇಳಿದರು: "ಇದನ್ನೆಲ್ಲ ಇನ್ನೂ ಎಬ್ಬಿಸಿಲ್ಲವೇ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿ, ಖಾನಾವಳಿಗಳನ್ನು ತೆರವು ಮಾಡಿದಾಗ ನಾನು ಇಲ್ಲಿದ್ದೆ, ಅವರು ಅಲ್ಲಿದ್ದರು. ಕಲ್ಲುಕಂಬಕ್ಕೆ ಸಿಮೆಂಟು ಮೆತ್ತಿ, ತಗಡು ಹೊದಿಸಿದ್ದನ್ನು ನಾನೂ ಕಂಡಿದ್ದೇನೆ, ಅದನ್ನು ಸಮರ್ಥಿಸುವುದಿಲ್ಲ. ಆದರೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಈ ಬೀದಿಯಲ್ಲಿ ಕಂಡದ್ದು ಚಂದದ ಮನೆಗಳನ್ನು, ಯಾತ್ರಿಕರು ತಂಗುವ ಸಾಲುಗಳನ್ನು. ಮೆತ್ತಿದ್ದನ್ನು ಕೆರೆದು ಜನರನ್ನು ಉಳಿಸಿಕೊಳ್ಳುವ ದಾರಿ ಇರಲೇ ಇಲ್ಲವೇ? ಒಮ್ಮೆ ಇಲ್ಲಿಯ ನೆರೆಮನೆಯವರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ನಡೆದು, ನಾಲ್ಕು ಫೋಟೊ ತೆಗೆದು, ಅವರು ಕೇಳಿದ್ದು ಒಂದೇ: "ಇಲ್ಲಿಯವರು ಎಲ್ಲಿ?" ತೆರವಾದವರಿಗೆ ಜಾಗ ಕೊಟ್ಟ ಕಡ್ಡಿರಾಂಪುರದ ಕಡೆಗೆ ಕೈ ತೋರಿಸಿದೆ.

ಹಂಪಿಗೆ ವಿಶ್ವ ಪರಂಪರೆಯ ಪಟ್ಟ ಬಂದದ್ದು 1986ರಲ್ಲಿ, ಅಹಮದಾಬಾದಿನ ಕೋಟೆಯೊಳಗಿನ ಊರಿಗೆ 2017ರಲ್ಲಿ. ಪಟ್ಟ ಬಂತೆಂದು ಇಲ್ಲಿ ಎಲ್ಲವೂ ಸರಿಯಿದೆ ಎಂದರೆ ಸುಳ್ಳಾಗುತ್ತದೆ. ಮಕ್ಕಳು ನದಿಯಾಚೆಯ ಅಪಾರ್ಟ್‌ಮೆಂಟುಗಳಿಗೆ ಹೋಗಿದ್ದಾರೆ, ಎಷ್ಟೋ ಮನೆಗಳು ಗೋದಾಮುಗಳಾಗಿವೆ. ಬೆಳಗಾಗೆದ್ದು ಹತ್ತಿಪ್ಪತ್ತು ಜನ ಅಡುಗೆಮನೆಯೊಳಗೆ ಇಣುಕುವುದು ಬಾ ಅಂಥವರಿಗೆ ಎಷ್ಟು ಹಿತವೋ ಗೊತ್ತಿಲ್ಲ. ನನಗಂತೂ ಪ್ರತಿ ಸಲ ಮುಜುಗರ. ಆದರೂ ಜನರಿಲ್ಲದ ಅಚ್ಚುಕಟ್ಟಿಗಿಂತ ಜನರಿರುವ ಈ ಗೊಂದಲವೇ ನನಗೆ ಇಷ್ಟ.

ಭಾವ ಮರುದಿನ ಕಾರು ಮಾಡಿಕೊಂಡು ಪ್ರತಿಮೆಯನ್ನೂ ನೋಡಿ ಬಂದರು, ಬಿಡಿ. ಜೂನ್ ಮೊದಲ ವಾರದಲ್ಲಿ ಅವರ ಫೋನು. ಮಾಳಿಗೆ ಮನೆ ಕಟ್ಟಿಸುತ್ತಿದ್ದಾರೆ, ಬೋರು ಬತ್ತಿದೆ, ಟಾಂಕಾ ಎಂದರೆ ಮೇಸ್ತ್ರಿ ಒಪ್ಪುತ್ತಿಲ್ಲ. ಬಾ ಮನೆಯ ಟಾಂಕಾ ಎಷ್ಟು ಆಳ ಎಂದು ಕೇಳಿ ಹೇಳಬೇಕಂತೆ. ಭಾನುವಾರ ಹೋಗಿ ಕೇಳಿದೆ. ಅಳೆದವರು ಯಾರೂ ಇಲ್ಲ. ಬಾ ಬಾಗಿಲ ಹಿಂದೆ ನೇತುಹಾಕಿದ್ದ ಹಗ್ಗವನ್ನು ತಂದು ನನ್ನ ಕೈಗಿಟ್ಟರು. ಎಂಟು ಮಾರು ಬಂತು.