‘ವಾಟ್ಸ್ಯಾಪನ್ನು ಹೇಗೆ ಸುಧಾರಿಸುತ್ತೀರಿ?’: ಸಂದರ್ಶನದಲ್ಲಿ ಈ ಪ್ರಶ್ನೆ ಬೇಕೆ?

ಪರ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ತಂತ್ರಾಂಶ ಕಂಪನಿಗಳ ಕೆಲಸಕ್ಕಾಗಿ ಅಣಕು ಸಂದರ್ಶನ ನಡೆಸುವಾಗ ನಾನು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ. ತಂತ್ರಾಂಶ ಬಳಸುವ ಜನರನ್ನು ಅಭ್ಯರ್ಥಿ ಎಷ್ಟು ಗಮನಿಸಿದ್ದಾರೆ ಎಂಬುದು ಇದರಲ್ಲಿ ತಿಳಿಯುವಷ್ಟು ಬೇರೆ ಪ್ರಶ್ನೆಯಲ್ಲಿ ತಿಳಿಯುವುದಿಲ್ಲ.

ನಮ್ಮೂರ ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತವರ ಕೈಗೆ ಸದಾ ಬೆಣ್ಣೆಯ ಪಸೆ. ಗಿರಾಕಿ ಯುಪಿಐನಲ್ಲಿ ಹಣ ಕಳಿಸಿದರೆ ಅವರು ಫೋನ್ ಮುಟ್ಟಿ ನೋಡುವಂತಿಲ್ಲ. ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆ ಮೊತ್ತವನ್ನು ಕೂಗಿ ಹೇಳುತ್ತದೆ, ಅವರ ಕಣ್ಣು ದೋಸೆಯ ಅಂಚಿನ ಮೇಲೇ ಇರುತ್ತದೆ. 2016ರಲ್ಲಿ ಯುಪಿಐ ಬಂದಾಗ ಈ ಪೆಟ್ಟಿಗೆ ಇರಲಿಲ್ಲ, ಇದು ಆಮೇಲೆ ಬಂದ ಸುಧಾರಣೆ. ಬಿಡುವಿಲ್ಲದ ಇಂಥ ಕೈಗಳನ್ನು ಕಂಡು ಮರುಗುವ ಮನಸ್ಸು ಅಂಕಪಟ್ಟಿಯಲ್ಲಿ ಕಾಣಿಸದು.

ಸುಧಾರಣೆ ಎಂದೊಡನೆ ಹೊಸದೊಂದು ಗುಂಡಿ ಸೇರಿಸಲು ಹೊರಡುವವರೂ ಇದ್ದಾರೆ. ಸುಳ್ಳು ಸುದ್ದಿ ನಂಬಿದ ಗುಂಪುಗಳು ದೇಶದ ಹಲವೆಡೆ ಅಮಾಯಕರ ಪ್ರಾಣ ತೆಗೆದ ಬಳಿಕ, 2018ರಲ್ಲಿ ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಇದ್ದ ಸೌಲಭ್ಯವನ್ನು ಕಡಿಮೆ ಮಾಡಿದ್ದೇ ಅಲ್ಲಿ ಸುಧಾರಣೆಯಾಯಿತು, ಅದನ್ನು ತಾನಾಗಿಯೇ ಹೇಳುವ ಅಭ್ಯರ್ಥಿಯನ್ನು ನಾನಂತೂ ಬಿಟ್ಟುಕೊಡುವುದಿಲ್ಲ.

ವಿರೋಧ

ಆದರೆ ಹೊರಗೆ ನಿಂತವರಿಗೆ ಕೊರತೆಯಂತೆ ಕಾಣುವುದು ಒಳಗಿನವರು ಯೋಚಿಸಿಯೇ ಇಟ್ಟ ಕಟ್ಟುಪಾಡಾಗಿರಬಹುದು, ಅದನ್ನು ತಿಳಿಸದೆ ಉತ್ತರ ಕೇಳುವುದು ಅನ್ಯಾಯ.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಮೆಕ್ಕೆಜೋಳ ಬೆಳೆಯುವವರು. ಸುಗ್ಗಿಯಲ್ಲಿ ಎಪಿಎಂಸಿ ದರದ ಸಂದೇಶ ಗುಂಪಿಗೆ ಬಂದರೂ ‘ಶುಭೋದಯ’ದ ಹೂವಿನ ಚಿತ್ರಗಳ ಅಡಿಯಲ್ಲಿ ಹೂತುಹೋಗಿ, ಅವರು ಅದನ್ನು ನೋಡುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಇಂಥ ಚಿತ್ರಗಳನ್ನು ಕಂಪನಿಯ ಸರ್ವರ್‌ನಲ್ಲೇ ಬೇರ್ಪಡಿಸಬೇಕು ಎಂದು ಅವಳು ನಿಜವಾದ ಸಂದರ್ಶನವೊಂದರಲ್ಲಿ ಸೂಚಿಸಿದಳು. 2016ರಿಂದ ವಾಟ್ಸ್ಯಾಪ್ ಸಂದೇಶಗಳಿಗೆ ಎರಡೂ ತುದಿಯ ಫೋನುಗಳಲ್ಲಿ ಮಾತ್ರ ತೆರೆಯುವ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಇದೆ. ಯಾವುದರಲ್ಲಿ ‘ಶುಭೋದಯ’ವಿದೆ, ಯಾವುದರಲ್ಲಿ ದರವಿದೆ ಎಂದು ನಡುವಿನ ಸರ್ವರ್ ಓದಲಾರದು. ‘ಮೂಲ ವಿಷಯವೇ ಗೊತ್ತಿಲ್ಲ’ ಎಂದು ಅವಳನ್ನು ಹಿಂದಕ್ಕೆ ಕಳಿಸಿದರು. ಅವಳು ಕಂಡ ಕಷ್ಟ ನೂರಕ್ಕೆ ನೂರು ನಿಜವಾಗಿತ್ತು, ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ತರಬೇತಿಗೆ ಹಣ ತೆತ್ತವರು ಈ ಪ್ರಶ್ನೆಗೂ ಉತ್ತರದ ಸಿದ್ಧ ಚೌಕಟ್ಟನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ತಡವರಿಸುವ ಮಕ್ಕಳು ಅವರೆದುರು ಮಂಕಾಗುತ್ತಾರೆ. ತಂತ್ರಾಂಶದ ದೋಷ ಹುಡುಕುವ ಪರೀಕ್ಷಕರ (ಟೆಸ್ಟರ್) ಹುದ್ದೆಗೆ ಬಂದವರ ಕೈಗೆ ದೋಷವಿರುವ ತಂತ್ರಾಂಶ ಕೊಟ್ಟು ನೋಡುವುದು ಇದಕ್ಕಿಂತ ಎಷ್ಟೋ ನೇರ.

ಅದೇ ವಿದ್ಯಾರ್ಥಿನಿಗೆ ವಾರದ ನಂತರ ನಾನು ಗೂಢಲಿಪೀಕರಣದ ಸಂಗತಿಯೊಂದನ್ನೇ ತಿಳಿಸಿ, ಕನ್ನಡದಲ್ಲಿಯೇ ಮತ್ತೆ ಕೇಳಿದೆ. ಅವಳು ತುಸು ಯೋಚಿಸಿ, ‘ಹಾಗಾದರೆ ಬೇರ್ಪಡಿಸುವ ಕೆಲಸ ಅಪ್ಪನ ಫೋನಿನೊಳಗೇ ಆಗಲಿ, ಸರ್’ ಎಂದಳು.