ಅಂಜನಾದ್ರಿಯ ಹುಡುಗನಿಗೆ ಕನ್ನಡ ಬರುವುದಿಲ್ಲವಂತೆ

ಜಪಾನಿನ ರಾಕ್ಷಸರಿಗೆ ಮೊದಲು ಒಂದು ನಮಸ್ಕಾರ. ಹಗಲು ಹೊರಗೆ ಬಂದರೆ ಬಿಸಿಲಿಗೆ ಸುಟ್ಟು ಬೂದಿಯಾಗುವ ಬಡಪಾಯಿಗಳು. ಟ್ಯೂಷನ್ನಿಗೆ ಹೋಗಬೇಕೆಂದರೂ ರಾತ್ರಿಯೇ ಆಗಬೇಕು. ಅಂಥವರು ಹಿಂದಿ, ತಮಿಳು, ತೆಲುಗು ಮೂರನ್ನೂ ಕಲಿತುಕೊಂಡು ಬೆಂಗಳೂರಿಗೆ ಬಂದರು. ವರ್ಷಗಟ್ಟಲೆ ಇಲ್ಲೇ ಇರುವ ನಮ್ಮ ಕೆಲವು ಬ್ಯಾಂಕ್ ಮ್ಯಾನೇಜರುಗಳಿಗಿಂತ ಎರಡು ಭಾಷೆ ಜಾಸ್ತಿ.

ಈ ರಾಕ್ಷಸರಿರುವ ಅನಿಮೆ, ಅಂದರೆ ಜಪಾನಿ ಅನಿಮೇಶನ್ ಸಿನಿಮಾ, ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ನಮ್ಮಲ್ಲಿ ಬಿಡುಗಡೆಯಾಗಿದ್ದು 2025ರ ಸೆಪ್ಟೆಂಬರ್ 12ರಂದು. ಪಿಯುಸಿ ಓದುವ ಮಗಳು ಫೋನ್ ಹಿಡಿದುಕೊಂಡು ಬಂದು “ಅಪ್ಪಾ, ಯಾವ ಭಾಷೆ?” ಅಂದಳು. “ಕನ್ನಡ” ಅಂದೆ. ದರ್ಶಿನಿಯಲ್ಲಿ ಪಿಜ್ಜಾ ಕೇಳಿದವನನ್ನು ಕ್ಯಾಶಿಯರ್ ನೋಡುವ ಹಾಗೆ ನೋಡಿದಳು. ಜಪಾನಿ ಇದೆ, ಇಂಗ್ಲಿಷ್ ಇದೆ, ಹಿಂದಿ, ತಮಿಳು, ತೆಲುಗು ಇದೆ. ಊರಿನ ಹೆಸರು ಇರುವಲ್ಲಿ ಮಾತ್ರ ‘ಬೆಂಗಳೂರು’ ಅಂತಲೇ ಇತ್ತು. ಅದನ್ನಾದರೂ ಬಿಟ್ಟಿದ್ದರಲ್ಲ ಅಂತ ಖುಷಿಪಟ್ಟೆ.

ಅದೇ 12ನೇ ತಾರೀಖು ನಮ್ಮ ಸರ್ಕಾರವೂ ಒಂದು ಸಿನಿಮಾ ಬಿಡುಗಡೆ ಮಾಡಿತ್ತು, ನೆನಪಿದೆಯಾ? ಟಿಕೆಟ್ ದರ 200 ರೂಪಾಯಿ ದಾಟುವಂತಿಲ್ಲ, ತೆರಿಗೆ ಬೇರೆ. 23ಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಹನ್ನೊಂದು ದಿನದ ಆ ಶೋ ನಾನಂತೂ ನೋಡಲಿಲ್ಲ. ನಾವು ಕೊಟ್ಟ ದುಡ್ಡು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರು ಈ ಅಂಕಣ ಓದುತ್ತಾರೆ.

ಸಿನಿಮಾ ಚೆನ್ನಾಗಿದೆಯಾ? ಚೆನ್ನಾಗಿದೆ. ಚಿತ್ರ ಬಿಡಿಸಿದವರ ಕೈಗೆ ಮುತ್ತು ಕೊಡಬೇಕು. ಆ ಕೋಟೆ ಅಂದರೆ ಕೋಣೆಯ ಮೇಲೆ ಕೋಣೆ, ಬಾಗಿಲ ಹಿಂದೆ ಬಾಗಿಲು. ಕೆಳಗೆ ಬಿದ್ದವನು ಮೇಲೆ ಬರುತ್ತಾನೆ, ಎಡಕ್ಕೆ ಹೋದವನು ತಲೆಕೆಳಗಾಗಿ ನಿಂತಿರುತ್ತಾನೆ. ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನಲ್ಲಿ ನೇರಳೆಯಿಂದ ಹಸಿರಿಗೆ ಬದಲಾಯಿಸಿದವರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಒಬ್ಬಳು ಹೆಂಗಸು ಬೀವಾ ಅನ್ನುವ ತಂತಿವಾದ್ಯ ನುಡಿಸಿದಾಗ ಮಾತ್ರ ಕೋಣೆಗಳು ಜಾಗ ಬದಲಿಸುತ್ತವೆ.

ನನ್ನ ತಕರಾರು ಫ್ಲ್ಯಾಶ್‌ಬ್ಯಾಕಿನದು. 155 ನಿಮಿಷದ ಸಿನಿಮಾ. ಹೊಡೆದಾಟ ಶುರುವಾಗುತ್ತದೆ. ಕತ್ತಿ ಕುತ್ತಿಗೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಕತ್ತಿ ಹಿಡಿದವನ ಬಾಲ್ಯ. ಆಮೇಲೆ ಕುತ್ತಿಗೆ ಇಟ್ಟವನ ಬಾಲ್ಯ. ಹೊಡೆಯುವ ಮೊದಲು ಆ ಹೊಡೆತದ ಹೆಸರನ್ನು ಕೂಗಿ ಹೇಳುತ್ತಾರೆ, ಎಷ್ಟನೇ ನಂಬರಿನದು ಅನ್ನುವುದನ್ನೂ ಸೇರಿಸಿ. ಎದುರಾಳಿ ಅಷ್ಟೂ ಹೊತ್ತು ಕಾದು ನಿಂತಿರುತ್ತಾನೆ. ಹಾಗಂತ ಬೈಯುವ ಯೋಗ್ಯತೆ ನಮಗಿಲ್ಲ, ಬಿಡಿ. ತಾಳಮದ್ದಳೆಯಲ್ಲಿ ಕರ್ಣನೂ ಅರ್ಜುನನೂ ಬಾಣ ಬಿಡುವ ಮೊದಲು ಎರಡು ಗಂಟೆ ಮಾತಾಡಿದ್ದನ್ನು ಕೇಳಿ ಬೆಳೆದವರು ನಾವು. ಅಲ್ಲೂ ಯಾರೂ ಎದ್ದು “ಬೇಗ ಹೊಡೀರಪ್ಪ” ಅನ್ನುವುದಿಲ್ಲ.

ನಮ್ಮ ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಹದಿಮೂರೋ ಹದಿನಾಲ್ಕೋ ವರ್ಷದ ಮೊಮ್ಮಗ. ಜೊತೆಗೆ ದೊಡ್ಡವರು ಬೇಕು ಅಂತ ಅಜ್ಜಿಯನ್ನು ಎಳೆದು ತಂದಿದ್ದ ಅಂತ ಕಾಣುತ್ತದೆ. ತೆರೆಯ ಮೇಲೆ ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಅಜ್ಜಿಗೆ ಎರಡೂ ಒಂದೇ. ಹತ್ತು ನಿಮಿಷಕ್ಕೆ “ಏನಂತೋ ಅವ್ನು?” ಶುರುವಾಯಿತು. ಆ ಹುಡುಗ ಪಿಸುದನಿಯಲ್ಲಿ ಕನ್ನಡಕ್ಕೆ ಡಬ್ ಮಾಡತೊಡಗಿದ.

ಅಕಾಜಾ ಅನ್ನುವ ರಾಕ್ಷಸನ ಕಥೆ ಬಂದಾಗ ನಾನು ತೆರೆ ನೋಡುವುದನ್ನು ಬಿಟ್ಟು ಅದನ್ನೇ ಕೇಳಿದೆ. “ಇವ್ನು ಮೊದ್ಲು ಮನುಷ್ಯ ಅಜ್ಜಿ. ಅಪ್ಪಂಗೆ ಹುಷಾರಿರ್ಲಿಲ್ಲ, ಔಷಧಿಗೆ ದುಡ್ಡಿಲ್ಲ ಅಂತ ಕಳ್ತನ ಮಾಡ್ದ.” “ಅಯ್ಯೋ ಪಾಪ.” “ಆಮೇಲೆ ಒಂದು ಹುಡುಗಿ ಜೊತೆ ಮದ್ವೆ ಗೊತ್ತಾಯ್ತು. ಪಕ್ಕದ್ಮನೆಯವ್ರು ಬಾವಿಗೆ ವಿಷ ಹಾಕ್ಬಿಟ್ರು.” “ಥೂ, ಅವ್ರ ಮನೆ ಹಾಳಾಗ.” ಎಷ್ಟೋ ಕೋಟಿ ಯೆನ್ ಸುರಿದು ಮಾಡಿದ ಸಿನಿಮಾಕ್ಕೆ ಕನ್ನಡದಲ್ಲಿ ಸಿಕ್ಕಿದ ಒಟ್ಟು ಬಜೆಟ್ಟು ಇದು. ಒಬ್ಬ ಹುಡುಗ, ಒಂದು ಪಾಪ್‌ಕಾರ್ನ್ ಡಬ್ಬ.

ಮತ್ತೆ ಆ ಇಂಗ್ಲಿಷ್ ಅಕ್ಷರಗಳು ಮಾಡುವ ಕಿತಾಪತಿ ನೋಡಿ. ಜಪಾನಿ ನನಗೆ ಬರುವುದಿಲ್ಲ. ಆದರೆ ಮಗಳ ದಯೆಯಿಂದ ಮೂರು ವರ್ಷದಿಂದ ಕಿವಿಗೆ ಬೀಳುತ್ತಿದೆ. ಸಿಟ್ಟು ಬಂದಾಗ ಅವರೆಲ್ಲ ಹೇಳುವ ಒಂದು ಮಾತಿದೆ: “ಒಮಾಎ ಒ ಜೆತ್ತಾಯ್ ನಿ ಯುರುಸಾನಾಯ್.” ಒಮಾಎ ಅಂದರೆ ನೀನು, ಅದೂ ಸ್ವಲ್ಪ ಒರಟಾಗಿ. ಪಕ್ಕದ ಒ ನಮ್ಮ ‘ಅನ್ನು’. ಜೆತ್ತಾಯ್ ನಿ ಅಂದರೆ ಖಂಡಿತ. ಯುರುಸಾನಾಯ್ ಅಂದರೆ ಕ್ಷಮಿಸಲ್ಲ. ನಿನ್ನನ್ನು ಖಂಡಿತ ಕ್ಷಮಿಸಲ್ಲ. ಒಂದು ಪದವನ್ನೂ ಕದಲಿಸಬೇಕಿಲ್ಲ, ಸೀದಾ ಕನ್ನಡದಲ್ಲಿ ಕೂರುತ್ತದೆ. ಬೇಡ ಅನ್ನುವುದು ಕ್ರಿಯಾಪದದ ಬಾಲದಲ್ಲಿ ಬರುತ್ತದೆ, ನಮ್ಮಲ್ಲೂ ಅವರಲ್ಲೂ. ಅದಕ್ಕೇ ನಟ ಎಳೆದು ಎಳೆದು ಕೊನೆಯ ತನಕ ಕಾಯಿಸುತ್ತಾನೆ. ಕೊಲ್ಲುತ್ತೇನೆ ಅಂತಾನೋ ಕೊಲ್ಲುವುದಿಲ್ಲ ಅಂತಾನೋ? ಇಂಗ್ಲಿಷ್ ಸಬ್‌ಟೈಟಲ್ಲು ಮಾತ್ರ ಅವನು ಬಾಯಿ ತೆರೆಯುವ ಮೊದಲೇ ಮುಂದೆ ನಿಂತು ಹೇಳಿಬಿಡುತ್ತದೆ, ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಟ್ಟ ಲೈಬ್ರರಿ ಪುಂಡನ ಹಾಗೆ.

ಇನ್ನು ಆ ಸದ್ದಿನ ಪದಗಳು. ಎದೆ ಬಡಿದುಕೊಂಡರೆ ಅವರಿಗೆ ಡೊಕಿ ಡೊಕಿ, ನಮಗೆ ಡವ ಡವ. ಗುಡುಗಿದರೆ ಅವರಿಗೆ ಗೊರೊ ಗೊರೊ, ನಮಗೆ ಗುಡು ಗುಡು. ಹೊಳೆದರೆ ಕಿರಾ ಕಿರಾ, ನಮಗೆ ಥಳ ಥಳ. ತಂಗಿ “ಒನೀಚಾನ್” ಅಂದರೆ ಇಂಗ್ಲಿಷಿನವರು ಒದ್ದಾಡಿ ಕೊನೆಗೆ ಅವನ ಹೆಸರನ್ನೇ ಹಾಕುತ್ತಾರೆ. ನಮ್ಮಲ್ಲಿ “ಅಣ್ಣಾ” ಅಂದರೆ ಮುಗಿಯಿತು. ಹೀಗೆ ಕೈಗೆ ಕೈ ಕೊಟ್ಟ ಹಾಗೆ ಹೊಂದುವ ಭಾಷೆಯನ್ನು ಬಿಟ್ಟು, ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಾವು ಮನಸ್ಸಿನಲ್ಲೇ ವಾಪಸ್ ಬರಬೇಕು. ಸಾಗರದಿಂದ ಶಿವಮೊಗ್ಗಕ್ಕೆ ವಯಾ ದೆಹಲಿ.

ಮಾತು ಎಲ್ಲಿಗೋ ಹೋಯಿತು. ಬೋಳುತಲೆ ವೀರನೊಬ್ಬನ ಅನಿಮೆ ಸರಣಿ ‘ಒನ್ ಪಂಚ್ ಮ್ಯಾನ್’ನ ಮೂರನೇ ಸೀಸನ್ ಬಗ್ಗೆಯೂ ಹೇಳಬೇಕಿತ್ತು. ಮೊದಲ ಸೀಸನ್ 2015ರದು, ಎರಡನೆಯದು 2019, ಮೂರನೆಯದು ಬಂದದ್ದು 2025ರ ಅಕ್ಟೋಬರಿನಲ್ಲಿ. ಆರು ವರ್ಷ ಕಾದವರಿಗೆ ಸಿಕ್ಕಿದ್ದು ಮದುವೆ ಆಲ್ಬಮ್ಮು. ಚಿತ್ರ ನಿಂತಿದೆ, ಬಾಯಿ ಮಾತ್ರ ಆಡುತ್ತಿದೆ. ಇಳಿಜಾರಿನಲ್ಲಿ ಜಾರುವ ಒಬ್ಬನ ದೃಶ್ಯವನ್ನು ಇಡೀ ಜಗತ್ತು ಆಡಿಕೊಂಡಿತು, ನೀವೂ ನೋಡಿರುತ್ತೀರಿ. ನಮ್ಮ ತೊಗಲುಗೊಂಬೆಗಳು ಇದಕ್ಕಿಂತ ಜಾಸ್ತಿ ಕೈಕಾಲು ಆಡಿಸುತ್ತವೆ. ನಾನೂ ನಕ್ಕೆ. ಆಮೇಲೆ ಜನ ನಿರ್ದೇಶಕನ ಬೆನ್ನು ಹತ್ತಿ, ಬಾಯಿಗೆ ಬಂದ ಹಾಗೆ ಬೈದು, ಅವನು ಎಕ್ಸ್ ಖಾತೆಯನ್ನೇ ಮುಚ್ಚಿಕೊಂಡು ಹೋದ ಅಂತ ಓದಿದ ಮೇಲೆ ನಗು ಬರಲಿಲ್ಲ. ಎರಡು ಮುಖ್ಯ ಚಿತ್ರಗಳ ನಡುವೆ ಬರುವ ಚಿತ್ರಗಳನ್ನು ಬಿಡಿಸುವವರಿಗೆ ಅಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 200 ಯೆನ್. ನಮ್ಮ ಲೆಕ್ಕದಲ್ಲಿ ನೂರು ಚಿಲ್ಲರೆ ರೂಪಾಯಿ. ಯಾರಿಗೆ ಎಷ್ಟು ದುಡ್ಡು ಕೊಡಬೇಕು, ಎಷ್ಟು ದಿನ ಕೊಡಬೇಕು ಅಂತ ತೀರ್ಮಾನ ಮಾಡುವವರು ಮೇಲೆ ನಿರ್ಮಾಪಕರ ಸಮಿತಿಯಲ್ಲಿ ಕೂತಿರುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ. ಅವರ ಹೆಸರೇ ಯಾರಿಗೂ ಗೊತ್ತಿಲ್ಲವಲ್ಲ.

ಇನ್ನೊಂದು ಅನಿಮೆ ಸರಣಿ ನೋಡಿದೆ. ಒಬ್ಬ ಸತ್ತು, ಬೇರೆ ಲೋಕದಲ್ಲಿ ವೆಂಡಿಂಗ್ ಮೆಷಿನ್ನಾಗಿ ಹುಟ್ಟುತ್ತಾನೆ. ತಮಾಷೆ ಮಾಡುತ್ತಿಲ್ಲ, 2023ರಲ್ಲಿ ಬಂದದ್ದು, ಎರಡನೇ ಸೀಸನ್ನೂ ಆಗಿದೆ. ಎಂಬತ್ತನಾಲ್ಕು ಲಕ್ಷ ಜನ್ಮದ ಲೆಕ್ಕ ಹಾಕಿದ ನಮ್ಮ ಹಿರಿಯರಿಗೂ ಇದು ಹೊಳೆದಿರಲಿಲ್ಲ. ಪೂರ್ವಜನ್ಮದಲ್ಲಿ ಏನು ಪಾಪ ಮಾಡಿದರೆ ಕೂಲ್‌ಡ್ರಿಂಕ್ಸ್ ಡಬ್ಬ ಆಗುತ್ತೇವೆ ಅಂತ ಪುರೋಹಿತರನ್ನು ಕೇಳಬೇಕು. ಆ ಮೆಷಿನ್ನಿಗೆ ಬರುವುದೇ ಬೆರಳೆಣಿಕೆಯ ಮಾತು. ಬನ್ನಿ, ಧನ್ಯವಾದ, ಛೆ ಸಿಗಲಿಲ್ಲ, ಹೀಗೆ. ಕಥಾನಾಯಕನ ಬಾಯಿಗೆ ಕನ್ನಡ ಹಾಕಲು ಅರ್ಧ ಗಂಟೆ ಸಾಕು. ಮೂಲೆಯ ಎಟಿಎಂ ಕನ್ನಡ ಬೇಕಾ ಅಂತ ಕೇಳುತ್ತದೆ. ಈ ಮೆಷಿನ್ನಿಗೆ ಅಷ್ಟೂ ಮರ್ಯಾದೆ ಇಲ್ಲ.

ಯಂತ್ರದ ವಿಷಯ ಬಂತಲ್ಲ. 2025ರ ಜುಲೈನಲ್ಲಿ ಅನಿಮೆ ತೋರಿಸುವ ಆನ್‌ಲೈನ್ ತಾಣ ಕ್ರಂಚಿರೋಲ್‌ನ ಒಂದು ಸರಣಿಯ ಜರ್ಮನ್ ಸಬ್‌ಟೈಟಲ್ಲಿನಲ್ಲಿ “ಚಾಟ್‌ಜಿಪಿಟಿ ಹೇಳಿತು” ಅಂತ ಹಾಗೇ ಉಳಿದುಹೋಗಿತ್ತು. ಕಾಪಿ ಹೊಡೆಯುವಾಗ ಪಕ್ಕದವನ ಹೆಸರನ್ನೂ ಬರೆದ ಹುಡುಗನ ಹಾಗೆ. ವರ್ಷದ ಕೊನೆಗೆ ಅಮೆಜಾನ್ ಪ್ರೈಮ್‌ನವರು ‘ಬನಾನಾ ಫಿಶ್’ ಅನ್ನುವ ಅನಿಮೆಗೆ ಎಐ ದನಿಯಲ್ಲಿ ಇಂಗ್ಲಿಷ್ ಹಾಕಿದರು. ಭಾವನೆಯೇ ಇಲ್ಲ, ಕಲಾವಿದರ ಹೊಟ್ಟೆಗೆ ಹೊಡೆದಿರಿ ಅಂತ ದೊಡ್ಡ ಗಲಾಟೆಯಾಗಿ ಅದನ್ನು ತೆಗೆದರು. ಗಲಾಟೆ ಸರಿಯೇ. ನನಗೆ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಇಂಗ್ಲಿಷಿಗೆ, ಜರ್ಮನಿಗೆ ಕೊನೇಪಕ್ಷ ಕೆಟ್ಟ ಕೆಲಸವಾದರೂ ಸಿಕ್ಕಿತು. ನಮಗೆ ಅನ್ಯಾಯ ಮಾಡಲೂ ಯಂತ್ರಕ್ಕೆ ಪುರಸೊತ್ತಿಲ್ಲ.

ಇದೆಲ್ಲ ಹೋಗಲಿ, ಜಪಾನಿ ರಾಕ್ಷಸರು, ಜಪಾನಿ ಬೋಳುತಲೆ ವೀರರು. ಅವರಿಗೂ ನಮಗೂ ಏನು ಸಂಬಂಧ ಅನ್ನಬಹುದು. ಹಾಗಾದರೆ ಹನುಮಂತನ ಕಥೆ ಹೇಳುತ್ತೇನೆ.

ಯೂಗೋ ಸಾಕೋ ಅನ್ನುವ ಜಪಾನಿಯವರು ನಮ್ಮ ಅನಿಮೇಶನ್ ಕಲಾವಿದ ರಾಮ್ ಮೋಹನ್ ಜೊತೆ ಸೇರಿ ಮೂವತ್ತು ವರ್ಷದ ಹಿಂದೆ ರಾಮಾಯಣವನ್ನು ಅನಿಮೆ ಮಾಡಿದ್ದರು. ನಿಜಕ್ಕೂ ಸುಂದರವಾದ ಕೆಲಸ. 2025ರ ಜನವರಿ 24ರಂದು ಅದನ್ನು ಹೊಸದಾಗಿ ಹೊಳಪು ಕೊಟ್ಟು ಥಿಯೇಟರಿಗೆ ತಂದರು. ಭಾಷೆಗಳು? ಇಂಗ್ಲಿಷ್, ಹಿಂದಿ, ತಮಿಳು, ತೆಲುಗು.

ಕಿಷ್ಕಿಂಧೆ ಎಲ್ಲಿದೆ ಸ್ವಾಮಿ? ಹಂಪಿಯ ಎದುರಿಗೆ, ಆನೆಗೊಂದಿಯ ಪಕ್ಕ. ಅಂಜನಾದ್ರಿ ಕೊಪ್ಪಳ ಜಿಲ್ಲೆಯಲ್ಲಿದೆ. 575 ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವನು ನಾನು, ಸುಳ್ಳು ಹೇಳಲ್ಲ. ವಾಲಿ, ಸುಗ್ರೀವ, ಹನುಮಂತ ಎಲ್ಲರೂ ತುಂಗಭದ್ರೆಯ ನೀರು ಕುಡಿದವರು. ಅಷ್ಟೂ ವಾನರಸೇನೆಯಲ್ಲಿ ಒಬ್ಬನೇ ಒಬ್ಬ ಕೋತಿಗೂ ಕನ್ನಡ ಬರುವುದಿಲ್ಲ! ಲಂಕೆಗೆ ಹಾರಿದ್ದು ಸರಿ, ಹಾರುವಾಗ “ಹೋಗ್ಬರ್ತೀನ್ರೀ” ಅನ್ನಲೂ ಬಾರದೇ?

2021ರಲ್ಲಿ ತಿರುಪತಿಯ ಟಿಟಿಡಿಯವರು “ಹನುಮಂತ ಹುಟ್ಟಿದ್ದು ನಮ್ಮ ತಿರುಮಲದ ಅಂಜನಾದ್ರಿಯಲ್ಲಿ” ಅಂದಾಗ ನಮಗೆ ಎಷ್ಟು ಸಿಟ್ಟು ಬಂದಿತ್ತು! ಶಾಸನ, ಪುರಾಣ, ಶ್ಲೋಕ ಎಲ್ಲ ಹಿಡಿದು ವಾದಕ್ಕೂ ಹೋದರು ನಮ್ಮವರು. ನಾಲ್ಕು ವರ್ಷಕ್ಕೆ ಅದೇ ಹನುಮಂತ ಬೆಂಗಳೂರಿನ ತೆರೆಯ ಮೇಲೆ ಬಂದು ಸ್ವಚ್ಛ ತೆಲುಗಿನಲ್ಲಿ ಮಾತಾಡಿದ. ಒಬ್ಬರೂ ಕೆಮ್ಮಲಿಲ್ಲ. ಟಿಟಿಡಿಯವರಿಗೆ ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ವಿತರಕರನ್ನು ಬೈದು ಮನೆಗೆ ಹೋಗಬಹುದಿತ್ತು. ಆದರೆ ಈ ಗಾಯ ನಾವೇ ಮಾಡಿಕೊಂಡದ್ದು. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ಬಾಗಿಲು ಹಾಕಿಕೊಂಡು ಕೂತೆವು. ಯಾವ ಕಾನೂನಿನಲ್ಲೂ ಇರಲಿಲ್ಲ, ಸುಮ್ನೆ ಕಟ್ಟುಪಾಡು. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಅಂದರು. 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಇದು ತಪ್ಪು ಅಂತ ಹೇಳಿ ದಂಡ ಹಾಕುವ ತನಕ ಅದೇ ಹಾಡು. ಆ ಐವತ್ತು ವರ್ಷ ಜನ ಬೇರೆ ಭಾಷೆಯ ಸಿನಿಮಾ ನೋಡುವುದನ್ನು ಬಿಟ್ಟರಾ? ನೋಡಿದರು, ಆಯಾ ಭಾಷೆಯಲ್ಲೇ ನೋಡಿದರು. ನೋಡುತ್ತಾ ಕಲಿತರು. ನನ್ನ ಮಗಳು ಹಿಂದಿ ಕಲಿತದ್ದು ಶಾಲೆಯಲ್ಲಿ ಅಂದುಕೊಂಡಿದ್ದೆ. ಜಪಾನಿ ಕಾರ್ಟೂನಿನ ಶಿನ್‌ಚಾನ್ ಕಲಿಸಿದ್ದಂತೆ. ಐದು ವರ್ಷದ ಆ ತರಲೆ ಹುಡುಗ ನಮ್ಮ ಮನೆಯ ನಡುಮನೆಯಲ್ಲಿ ಹಿಂದಿ ಶಾಲೆ ನಡೆಸಿದ, ನಾನು ಕರೆಂಟ್ ಬಿಲ್ ಕಟ್ಟಿದೆ.

ಆ ನಡುವೆಯೇ 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದು ಕಾರ್ಟೂನಿನ ಡೋರಾ ಕನ್ನಡ ಮಾತಾಡಿದಳು. ಕನ್ನಡ ಸತ್ತಿತೇ? ಮಕ್ಕಳು ಡೋರಾ ಹಾಗೆ ಕನ್ನಡದಲ್ಲಿ ಕಿರುಚಿಕೊಂಡು ಓಡಾಡಿದರು, ಅಷ್ಟೇ. ಈಗಲೂ ಟಿವಿಯ ಮಕ್ಕಳ ಚಾನೆಲ್ಲುಗಳಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ಕೇಳುತ್ತದೆ. 2025ರ ಜುಲೈನಲ್ಲಿ ನರಸಿಂಹನ ಅನಿಮೇಶನ್ ಸಿನಿಮಾ ಕನ್ನಡದಲ್ಲೂ ಬಂತು, ಅಜ್ಜ ಅಜ್ಜಿಯರೆಲ್ಲ ಹೋಗಿ ಕೈಮುಗಿದು ಬಂದರು. ಆದರೂ ದೊಡ್ಡ ಪರದೆಗೆ ಜಪಾನಿ ಸಿನಿಮಾ ತರುವವರ ಲೆಕ್ಕ ಸುಲಭ: ಕನ್ನಡದವರಿಗೆ ಎಲ್ಲ ಭಾಷೆಯೂ ಬರುತ್ತದೆ, ಅವರಿಗೆ ಯಾಕೆ ಖರ್ಚು? ನಿಜ, ಬರುತ್ತದೆ. ನಾಲ್ಕು ಭಾಷೆ ಬಲ್ಲ ಒಳ್ಳೆಯ ಜನ ಅಂತ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವಲ್ಲ, ಅದರ ಬಿಲ್ಲು ಇದು. ಸಾಕಾಗಿದೆ. ನಗಿಸಿ ಹೇಳುವುದಕ್ಕೂ ಸಾಕಾಗಿದೆ.

ಸಿನಿಮಾ ಮುಗಿದು ದೀಪ ಹತ್ತಿತು. ಹುಡುಗನ ಗಂಟಲು ಕಟ್ಟಿಹೋಗಿತ್ತು, ನೀರು ಕುಡಿಯುತ್ತಿದ್ದ. ಅಜ್ಜಿ ಕನ್ನಡಕ ಒರೆಸಿಕೊಂಡು “ಆ ಹುಡುಗಿಯ ತಾವ ಹೋದ್ನಾ ಅವ್ನು, ಕೊನೆಗೆ?” ಅಂದರು.

“ಹೂಂ, ಹೋದ.”

“ಒಳ್ಳೇದಾಯ್ತು ಬಿಡು. ಮುಗೀತಾ ಹಾಗಾದ್ರೆ?”

“ಇಲ್ಲ ಅಜ್ಜಿ, ಇನ್ನೂ ಎರಡು ಭಾಗ ಬರ್ಬೇಕು.”

ಅಜ್ಜಿ ಸೀಟಿನ ಕೈ ಹಿಡಿದು ನಿಧಾನಕ್ಕೆ ಎದ್ದರು. “ಅಷ್ಟರೊಳ್ಗೆ ಶುಂಠಿ ಕಷಾಯ ಕುಡಿದು ಗಂಟಲು ಸರಿ ಮಾಡ್ಕೋ.”